ತಪ್ಪು ಅಂಗಡಿ

ಲಾಸ್ ಏಂಜಲೀಸಿನ ಚಾಟ್ಸ್‌ವರ್ತ್‌ನಲ್ಲಿ ಬ್ರಿಟಿಷ್ ತಿಂಡಿ ಸಾಮಾನು ಮಾರುವ ಸಣ್ಣ ಅಂಗಡಿಯೊಂದಿದೆ. ಮೊನ್ನೆ ಪಕ್ಕದ ಗ್ಯಾರೇಜಿಗೆ ಕಾರು ಕೊಟ್ಟು ಕಾಯುತ್ತಿದ್ದಾಗ ಬಿಸಿಲು ತಡೆಯಲಾರದೆ ಅದರೊಳಗೆ ಹೊಕ್ಕೆ. ಕೌಂಟರಿನ ಮೇಲೆ ಜ್ಯೇಷ್ಠಮಧುವಿನ ಕಪ್ಪು ಗುಳಿಗೆಗಳ ಡಬ್ಬಿ ತೆರೆದಿತ್ತು. ಗಂಟಲಿಗೆಂದು ಚೀಪುತ್ತಾರಲ್ಲ, ಅವು. ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಂಗಡಿಯಾಕೆ ಪಾಪ, ಒಂದು ಬಾಯಿಗೆ ಹಾಕಿಕೊಂಡು ನೋಡಿ ಎಂದಳು. ಬೇಡ ತಾಯಿ ಎಂದು ಹೊರಗೆ ಬಂದು ಬಿಸಿಲಲ್ಲೇ ನಿಂತೆ.

2024ರ ಬೇಸಿಗೆಯಲ್ಲಿ ನಾನು ದಿನವೂ ಆ ವಾಸನೆಯಲ್ಲಿ ಕೆಲಸ ಮಾಡಿದೆ. ಮಧ್ಯಾಹ್ನದ ಶೋ ಶುರುವಾಗುವ ಮುಂಚೆ ರಾಘವೇಂದ್ರ ಎರಡು ಗುಳಿಗೆ ಬಾಯಿಗೆ ಹಾಕಿಕೊಂಡು, ಕನ್ನಡಿಯಲ್ಲಿ ಟೈ ನೋಡಿಕೊಂಡು, ಕ್ಯಾಮೆರಾದ ಮುಂದೆ ಕೂರುತ್ತಿದ್ದ. ಕೂತ ಮೇಲೆ ಅವನು ರಾಘವೇಂದ್ರ ಅಲ್ಲ, ರೇ. ಇಂಗ್ಲೆಂಡಿನಲ್ಲಿ ಅವನನ್ನು ನೋಡುವವರಿಗೆಲ್ಲ ಅವನು ರೇ. ಧಾರವಾಡದಿಂದ ಹೋಗಿ ಉತ್ತರ ಇಂಗ್ಲೆಂಡಿನಲ್ಲಿ ನೆಲೆಸಿದವರ ಮಗ. ಅಲ್ಲೇ ಹುಟ್ಟಿ, ಅಲ್ಲಿಯ ಟಿವಿಯಲ್ಲಿ ಒಂದಷ್ಟು ವರ್ಷ ಕೂಗಾಡಿ, ಅಲ್ಲಿಂದ ಹೊರಬಿದ್ದು ಲಾಸ್ ಏಂಜಲೀಸಿಗೆ ಬಂದವನು. ಕಲ್ವರ್ ಸಿಟಿಯಲ್ಲಿ ಹಳೆಯ ಸಿನಿಮಾ ಗೋಡೌನಿನ ಹಿಂದೆ ಎರಡು ಕೋಣೆ ಬಾಡಿಗೆ ಹಿಡಿದಿದ್ದ. ಅಲ್ಲಿಂದ ವಾರಕ್ಕೆ ಐದು ದಿನ ಬ್ರಿಟನ್ನಿನ ರಾಜಕೀಯದ ಮೇಲೆ ಇಂಟರ್ನೆಟ್ಟಿನಲ್ಲಿ ಲೈವ್ ಶೋ. ನಮ್ಮ ಮಧ್ಯಾಹ್ನ ಅವರ ರಾತ್ರಿಯೂಟದ ಹೊತ್ತು.

ಇಲ್ಲೇ ಯಾಕೆ ಎಂದು ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೇಳಿದ್ದೆ. ಅವನು ನಕ್ಕು ಹೇಳಿದ: "ಅಲ್ಲಿ ಟಿವಿಗೆ ರೂಲ್ಸ್ ಅದಾವವ್ವಾ. ಎರಡೂ ಕಡೆ ಹೇಳಬೇಕು, ಸುಳ್ಳು ಆದ್ರ ತಿದ್ದಬೇಕು. ಇಲ್ಲಿಂದ ಒದರಿದ್ರ ಯಾರು ಕೇಳ್ತಾರ?"

ನಾನು ಗಿರಿಜಾ, ಅವನ ಎಡಿಟರ್. ರಾಣೆಬೆನ್ನೂರಿನವಳು, ಬಾಯಿ ಸ್ವಲ್ಪ ಜೋರು. ಗಂಡನಿಗೆ ಕಾರ್ಲ್ಸ್‌ಬಾಡಿನಲ್ಲಿ ಕೆಲಸ, ಮನೆ ಸ್ಯಾನ್ ಡಿಯೇಗೋ ಕಡೆ. ಸೋಮವಾರ ಬೆಳಿಗ್ಗೆ ಬಂದರೆ ಶುಕ್ರವಾರ ಸಂಜೆಯವರೆಗೆ ನಾನು ಕಲ್ವರ್ ಸಿಟಿಯಲ್ಲಿ ಗೆಳತಿಯೊಬ್ಬಳ ಹಿತ್ತಿಲ ಕೋಣೆಯಲ್ಲಿ ಇರುತ್ತಿದ್ದೆ. ಗಂಡನ ವೀಸಾದ ಬಾಲ ಹಿಡಿದು ಬಂದವಳಿಗೆ ಈ ದೇಶದಲ್ಲಿ ಕೆಲಸ ಸಿಗುವುದು ಸುಲಭವಲ್ಲ. ರಾಘವೇಂದ್ರ ನನ್ನನ್ನು ತೆಗೆದುಕೊಂಡದ್ದು ಕನ್ನಡಕ್ಕಾಗಿ. ಶೋ ನಡೆಯುವಾಗ ನಾನು ಗಾಜಿನ ಆಚೆ ಕೂತು ಅವನ ಕಿವಿಗೆ ಮಾತಾಡಬೇಕು. ಮುಂದಿನ ಕ್ಲಿಪ್ ಯಾವುದು, ಎಷ್ಟು ಹೊತ್ತು ಉಳಿದಿದೆ, ಅತಿಥಿ ಸಿಟ್ಟಾಗಿದ್ದಾನೋ ಇಲ್ಲವೋ. ಅದೆಲ್ಲ ಕನ್ನಡದಲ್ಲಿ. ಎದುರಿಗೆ ಕೂತ ಅತಿಥಿಯ ಕಿವಿಗೆ ಅಪ್ಪಿತಪ್ಪಿ ಬಿದ್ದರೂ ಗೊತ್ತಾಗಬಾರದು. "ಇಂವ ಸುಳ್ಳು ಹೇಳಾಕತ್ತಾನ, ಹಿಡೀರಿ" ಎಂದು ನಾನು ಹೇಳಿದರೆ, ರೇ ಇಂಗ್ಲಿಷಿನಲ್ಲಿ ನಗುತ್ತಾ ಅವನ ಕುತ್ತಿಗೆಗೆ ಬೀಳುತ್ತಿದ್ದ. ನಿಜ ಹೇಳಬೇಕೆಂದರೆ, ಮೊದಮೊದಲು ನನಗೆ ಮಜಾ ಬರುತ್ತಿತ್ತು.

ಜುಲೈನಲ್ಲಿ ಚುನಾವಣೆ ಆಗಿ ಅಲ್ಲಿ ಸರಕಾರ ಬದಲಾಯಿತು. ದೋಣಿಯಲ್ಲಿ ಸಮುದ್ರ ದಾಟಿ ಬಂದವರನ್ನು ವಿಮಾನದಲ್ಲಿ ಆಫ್ರಿಕಾಕ್ಕೆ ಕಳಿಸುತ್ತೇವೆ ಎಂದಿದ್ದ ಹಳೆಯ ಸರಕಾರದ ಯೋಜನೆಯನ್ನು ಹೊಸಬರು ಬಂದವರೇ ಕಸದ ಬುಟ್ಟಿಗೆ ಹಾಕಿದರು. ಚಳಿಗಾಲದಲ್ಲಿ ಮುದುಕರು ಮನೆ ಬೆಚ್ಚಗಿಡಲೆಂದು ಕೊಡುತ್ತಿದ್ದ ಹಣಕ್ಕೂ ಕತ್ತರಿ ಹಾಕುತ್ತೇವೆ ಎಂದರು. ರೇಗೆ ಹಬ್ಬ. ದೋಣಿಯವರನ್ನು ಹೋಟೆಲಿನಲ್ಲಿ ಇಡುತ್ತಾರೆ, ನಿಮ್ಮಮ್ಮನನ್ನು ಚಳಿಗೆ ಬಿಡುತ್ತಾರೆ. ಇದನ್ನೇ ದಿನವೂ ಮುಖ ಕೆಂಪು ಮಾಡಿಕೊಂಡು ಹೇಳುತ್ತಿದ್ದ. ರಬ್ಬರ್ ದೋಣಿಯಲ್ಲಿ ಮಗುವನ್ನು ಎದೆಗವಚಿಕೊಂಡ ಹೆಂಗಸಿನ ಕ್ಲಿಪ್ ಹಾಕಿದರೆ "ಅದು ಬ್ಯಾಡ, ಗಂಡಸರು ಇರೂದು ಹಾಕು" ಎನ್ನುತ್ತಿದ್ದ.

"ರಾಘಣ್ಣ, ನಿಮ್ಮಪ್ಪಾರೂ ಹೊರಗಿಂದ ಬಂದವರಲ್ಲೇನ್ರಿ?"

"ಅವರು ಕಾಗದ ಪತ್ರ ಹಿಡ್ಕೊಂಡು ಸಾಲಿನ್ಯಾಗ ನಿಂತು ಬಂದ್ರು. ನೀನೂ ಹಂಗ ಬಂದಿ. ಇವರು ನುಗ್ಗತಾರ."

ಈ ಮಾತು ನಮ್ಮವರಲ್ಲಿ ಎಷ್ಟು ಜನ ಹೇಳಿಲ್ಲ? ಹಬ್ಬದ ಊಟಕ್ಕೆ ಸೇರಿದಾಗ, ಗ್ರೀನ್ ಕಾರ್ಡಿನ ಸಾಲಿನ ಬಗ್ಗೆ ಅಳುವಾಗ, ಹೋಳಿಗೆ ಮುರಿಯುತ್ತಾ ಇದೇ ಮಾತು. ನಾನು ಗಂಡಸರ ಕ್ಲಿಪ್ ಹುಡುಕಿ ಹಾಕಿದೆ.

ಶೋದ ಮೊದಲಿಗೆ ಒಂದು ಚಿತ್ರ ಬರುತ್ತಿತ್ತು. ಇಂಗ್ಲೆಂಡಿನ ಊರೊಂದರ ಪೇಟೆಬೀದಿ, ಕ್ಯಾಮೆರಾ ನಿಧಾನವಾಗಿ ಬೋರ್ಡುಗಳ ಮೇಲೆ ಸರಿಯುತ್ತದೆ: ಕಬಾಬ್ ಅಂಗಡಿ, ಅರೇಬಿಕ್ ಅಕ್ಷರದ ಕಿರಾಣಿ, ಹಸಿರು ಶಿಲುಬೆಯ ಔಷಧಿ ಅಂಗಡಿ, ಕಟಿಂಗ್ ಶಾಪು. ಮೇಲೆ ರೇ ದನಿ: ಈ ಬೀದಿ ನಿಮಗೆ ನೆನಪಿದೆಯೇ? ಬೇರೆಯವರ ವಿಡಿಯೋ ಬಳಸಿದರೆ ಕಾಪಿರೈಟ್ ಗಲಾಟೆ. ಹಾಗಾಗಿ ಹಿಂದಿನ ವರ್ಷ ಆ ಊರಿಗೆ ಹೋದಾಗ ತಾನೇ ಫೋನಿನಲ್ಲಿ ತೆಗೆದದ್ದನ್ನು ತಂದುಕೊಟ್ಟಿದ್ದ. ಆ ಔಷಧಿ ಅಂಗಡಿ ಅವನ ಅಕ್ಕನದೇ! ಮೇಲೆ ಮನೆ, ಕೆಳಗೆ ಅಂಗಡಿ.

"ಬೋರ್ಡ್ ಬ್ಲರ್ ಮಾಡ್ತೇನ್ರಿ" ಎಂದೆ.

"ಬ್ಯಾಡ. ಖರೇ ಅನಸಬೇಕು."

ವನಮಾಲಕ್ಕ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮನಿಗೆ ಉಣಿಸಿ, ಬೈದು, ಬೆಳೆಸಿದ್ದು ಅವಳೇ. ಶೋದ ಹೊತ್ತಿಗೆ ಅವನು ಫೋನ್ ಬಂದ್ ಮಾಡುತ್ತಾನೆಂದು ನನಗೇ ಫೋನು. ಗುಳಿಗೆ ಡಬ್ಬಿ ಕಳಿಸುತ್ತಿದ್ದವಳೂ ಅವಳೇ. ಅವನ ಶೋ ನೋಡುತ್ತೀರೇನ್ರಿ ಎಂದು ಒಮ್ಮೆ ಕೇಳಿದೆ.

"ಒಂದ್ ದಿನ ನೋಡಿದೆ, ತಂಗಿ. ಆಮ್ಯಾಲ ನೋಡಿಲ್ಲ. ಆ ಸೂಟು ಹಾಕ್ಕೊಂಡಾಂವ ನಮ್ಮ ರಾಘು ಅಲ್ಲ. ಅಂವ ಉಂಡಾನೋ ಇಲ್ಲೋ ಅಷ್ಟ ಹೇಳು."

ಮಾತಿನ ನಡುವೆ ಆ ಕಡೆ ಗಂಡಸಿನ ದನಿ ಕೇಳಿಸುತ್ತಿತ್ತು. ಎರಡು ಅಂಗಡಿ ಆಚೆ ಕಟಿಂಗ್ ಶಾಪಿನ ಆಜಾದ್, ಕುರ್ದಿ ಜನಾಂಗದ ಹುಡುಗ. ಹುಡುಗ ಎಂದರೆ ಮೂವತ್ತರ ಹತ್ತಿರದವನು. ಎಳೆಯನಿದ್ದಾಗ ಲಾರಿಯ ಹೊಟ್ಟೆಯಲ್ಲಿ ಅಡಗಿ ಆ ದೇಶಕ್ಕೆ ಬಂದವನು. ಸಂಜೆ ಚಹಾ ತಂದು ಅಕ್ಕನಿಗೆ ಕೊಟ್ಟು, ಅವಳ ಭುಜಕ್ಕೆ ನೋವೆಂದು ಅಂಗಡಿಯ ಶಟರ್ ಎಳೆದುಕೊಟ್ಟು ಹೋಗುವುದು ಅವನ ವಾಡಿಕೆ. "ಆಜಾದ್ ಬಂದ, ಇಡ್ತೇನವ್ವಾ" ಎಂದು ಅವಳು ಫೋನ್ ಇಡುತ್ತಿದ್ದಳು.

ಜುಲೈ ಮುಗಿಯುವ ಹೊತ್ತಿಗೆ ಅಲ್ಲಿಯ ಒಂದು ಊರಿನಲ್ಲಿ ಚಿಕ್ಕ ಹುಡುಗಿಯರು ಡ್ಯಾನ್ಸ್ ಕ್ಲಾಸಿನಲ್ಲಿ ಚೂರಿಗೆ ಬಲಿಯಾದರು. ಆ ಸುದ್ದಿ ಓದಿ ನಾನು ಬಾತ್‌ರೂಮಿಗೆ ಹೋಗಿ ಅತ್ತೆ. ಹೊರಗೆ ಬರುವಷ್ಟರಲ್ಲಿ ಇಂಟರ್ನೆಟ್ಟಿನಲ್ಲಿ ಒಂದು ಸುಳ್ಳು ಹೆಸರು ಓಡಾಡುತ್ತಿತ್ತು: ಕೊಂದವನು ದೋಣಿಯಲ್ಲಿ ಬಂದವನಂತೆ, ಮುಸಲ್ಮಾನನಂತೆ. ರೇ ಆ ಹೆಸರನ್ನು ಹೇಳಲಿಲ್ಲ; ಅಷ್ಟು ದಡ್ಡನಲ್ಲ. ಅವನು ಪ್ರಶ್ನೆ ಕೇಳಿದ. ಪೊಲೀಸರು ಏನು ಮುಚ್ಚಿಡುತ್ತಿದ್ದಾರೆ? ಸರಕಾರಕ್ಕೆ ಯಾಕೆ ಹೆದರಿಕೆ? ಪ್ರಶ್ನೆ ಕೇಳುವುದೂ ಅಪರಾಧವೇ? ದಿನಾ ಹೀಗೆ ಪ್ರಶ್ನೆಗೆ ಪ್ರಶ್ನೆ ಪೇರಿಸುತ್ತಾ ಹೋದ. ಸುಳ್ಳೆಂದು ಪೊಲೀಸರು ಹೇಳಿದ ಮೇಲೂ ನಿಲ್ಲಿಸಲಿಲ್ಲ.

ಆಮೇಲೆ ಬೀದಿಗಳು ಹೊತ್ತಿಕೊಂಡವು. ಅಲ್ಲಿ ಸಂಜೆ ಕೂಡಿದ ಗುಂಪು ನನ್ನ ಪರದೆಗೆ ಬರುವಾಗ ನನಗೆ ಊಟದ ಹೊತ್ತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ನೀಲಿ ಆಕಾಶ, ಬೀದಿಯಲ್ಲಿ ನಾಯಿ ಕರೆದುಕೊಂಡು ಓಡುವವರು. ಒಳಗೆ ನನ್ನ ಮುಂದೆ ಜನ ಪರರ ಮನೆಯ ಕಾಂಪೌಂಡ್ ಗೋಡೆಯನ್ನು ಒದ್ದು ಬೀಳಿಸಿ, ಇಟ್ಟಿಗೆ ಆರಿಸಿಕೊಂಡು ಪೊಲೀಸ್ ಕುದುರೆಯ ಮುಖಕ್ಕೆ ಎಸೆಯುತ್ತಿದ್ದರು. ನಿರಾಶ್ರಿತರಿದ್ದ ಹೋಟೆಲಿನ ಬಾಗಿಲಿಗೆ ಕಸದ ಡಬ್ಬಿ ದೂಡಿ ಬೆಂಕಿ ಹಚ್ಚಿದರು. ಮೇಲಿನ ಕಿಟಕಿಯಲ್ಲಿ ಮುಖಗಳು ಕಾಣುತ್ತಿದ್ದವು. ಕಾರಿನಿಂದ ಒಬ್ಬನನ್ನು ಹೊರಗೆಳೆದು ತಲೆಗೆ ಒದ್ದರು. ಅದನ್ನು ನಾನು ಹಿಂದೆ ಮುಂದೆ ಮಾಡಿ ಮಾಡಿ ನೋಡಬೇಕು, ಎಲ್ಲಿ ಕತ್ತರಿಸಬೇಕೆಂದು ನಿರ್ಧರಿಸಬೇಕು. ಒದೆತ ಬೀಳುವ ಸ್ವಲ್ಪ ಮುಂಚೆಯೇ ಕತ್ತರಿಸುತ್ತಿದ್ದೆ. ನನಗೆ ಮಾತ್ರ ಒದೆತ ಕಾಣುತ್ತಿತ್ತು. ವಾರದ ಕೊನೆಗೆ ಮನೆಗೆ ಹೋದಾಗ, ರಾತ್ರಿ ಹಲ್ಲು ಕಡಿಯುತ್ತೇನೆಂದು ಗಂಡ ಹೇಳಿದ.

ರೇ ಅದಕ್ಕೆ ಜನರ ಸಹಜ ಕೋಪ ಎಂದು ಹೆಸರಿಟ್ಟ. ಹಿಂಸೆ ತಪ್ಪು, ಆದರೆ, ಎನ್ನುತ್ತಿದ್ದ. ಅವನ ಮಾತೆಲ್ಲ ಆ "ಆದರೆ" ಆದಮೇಲೆಯೇ ಶುರುವಾಗುತ್ತಿತ್ತು.

ಆಗಸ್ಟಿನ ಮೊದಲ ಸೋಮವಾರ ಶೋ ನಡೆಯುತ್ತಿತ್ತು. ಗಲಭೆಗೆ ಹೋದವರೇ ಫೋನ್ ಹಿಡಿದು ಲೈವ್ ಬಿಡುತ್ತಿದ್ದರು. ನಾನು ಅಂಥ ಐದಾರು ಲೈವ್ ತೆರೆದಿಟ್ಟುಕೊಂಡು, ಯಾವುದು ತೀವ್ರವಾಗಿದೆಯೋ ಅದನ್ನು ಅವನ ಹಿಂದಿನ ಪರದೆಗೆ ಹಾಕುತ್ತಿದ್ದೆ. ಒಂದರಲ್ಲಿ ಕಬಾಬ್ ಅಂಗಡಿಯ ಗಾಜು ಒಡೆಯಿತು. ಅದರ ಪಕ್ಕ ಅರೇಬಿಕ್ ಅಕ್ಷರ. ಅಯ್ಯೋ ದೇವರೇ ಎಂದೆ. ಆ ಬೀದಿಯ ಬೋರ್ಡುಗಳನ್ನು ನಾನು ಅದೆಷ್ಟು ಸಲ ಕತ್ತರಿಸಿ ಅಂಟಿಸಿದ್ದೆನೋ! ನನ್ನ ಸ್ವಂತ ಓಣಿಗಿಂತ ಚೆನ್ನಾಗಿ ಗೊತ್ತಿತ್ತು. ಫೋನ್ ಹಿಡಿದವನೊಬ್ಬ ಕೂಗಿದ: "ನೋಡ್ರೋ, ರೇ ತೋರಿಸುವ ಬೀದಿ ಇದೇ!"

"ರಾಘಣ್ಣ," ಎಂದೆ ಅವನ ಕಿವಿಗೆ. "ಅದು ಅಕ್ಕನ ಓಣಿ. ಅಕ್ಕನ ಅಂಗಡಿ ಮುಂದ ನಿಂತಾರ್ರಿ."

ಅವನ ಮಾತು ಒಂದು ಕ್ಷಣ ತಡವರಿಸಿತು. ಮತ್ತೆ ಓಡಿತು. ಸರಕಾರ ಜನರ ಮಾತು ಕೇಳಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಹೇಳುತ್ತಲೇ ಇದ್ದ, ಕಣ್ಣು ಮಾತ್ರ ಗಾಜಿನಾಚೆ ನನ್ನ ಮೇಲೆ.

ನನ್ನ ಫೋನ್ ಬಡಿದುಕೊಂಡಿತು. ವನಮಾಲಕ್ಕ.

"ತಂಗಿ, ಮ್ಯಾಲ ಇದ್ದೇನಿ. ಶಟರ್ ಹೊಡೀಲಿಕತ್ತಾರ, ಬಾಗಲಕ್ಕ ಕಸದ ಡಬ್ಬಿ ಇಟ್ಟು ಬೆಂಕಿ ಹಚ್ಚ್ಯಾರ. ಹಿಂದಿನ ಬಾಗಲದಾಗೂ ಮಂದಿ ನಿಂತಾರ, ಹೊಗಿ ಬರಲಿಕತ್ತದ." ಕೆಮ್ಮಿದಳು. "ಪೊಲೀಸರಿಗೆ ಫೋನ್ ಹಚ್ಚಿದೆ, ಬರ್ತೇವಿ ಅಂತಾರ. ಗಿರಿಜಾ, ಕೆಳಗ ಅವರ ಫೋನಿನ್ಯಾಗ ರಾಘು ಮಾತಾಡೂದು ಕೇಳಸ್ತದ ನನಗ. ಅಂವ ಹೇಳಿದ್ರ ಕೇಳ್ತಾರ. ಹೋಗ್ರಿ ಅಂತ ಹೇಳು ಅನ್ನು. ಎಲ್ಲಾರಿಗೂ ಮನೀಗೆ ಹೋಗ್ರಿ ಅಂತ."

ನಾನು ಜಾಹೀರಾತು ಒತ್ತಿ ಕುರ್ಚಿ ದೂಡಿ ಎದ್ದು ಸ್ಟುಡಿಯೋಗೆ ನುಗ್ಗಿದೆ. ಅವನ ಟೈ ಹಿಡಿದು ಫೋನನ್ನು ಕಿವಿಗೆ ಒತ್ತಿದೆ. ಅಕ್ಕ ಏನು ಹೇಳಿದಳೋ, ಅವನ ಮುಖ ಬಿಳಿಚಿತು. ಆದರೆ ಬಾಯಿಂದ ಬಂದದ್ದು: "ಈಗ ಹಂಗ ಹೇಳಿದ್ರ ನಾ ಹೆದರಿದೆ ಅಂತಾರ. ಪೊಲೀಸರು ಬರ್ತಾರ, ತಡಿ."

"ನಿಮ್ಮ ಅಕ್ಕ ಸುಟ್ಟು ಸಾಯಾಕತ್ತಾಳ್ರಿ!"

"ಕೈ ಬಿಡು!" ಎಂದು ನನ್ನನ್ನು ತಳ್ಳಿದ. ಹಿಂದಿದ್ದ ದೀಪದ ಸ್ಟ್ಯಾಂಡಿಗೆ ಬೆನ್ನು ಬಡಿದು, ದೀಪ ಬಿದ್ದು ಒಡೆಯಿತು. ಎದ್ದು ಬಂದು ಅವನ ಕೆನ್ನೆಗೆ ಬಾರಿಸಿದೆ. ನನ್ನ ಜನ್ಮದಲ್ಲಿ ಯಾರಿಗೂ ಹೊಡೆದವಳಲ್ಲ, ಕೈ ಉರಿಯಿತು. ಅವನು ತಿರುಗಿ ನನ್ನ ಕೂದಲಿಗೆ ಕೈ ಹಾಕಿದ. ನೆಲದ ಮೇಲೆ ಗಾಜು, ನಾವಿಬ್ಬರೂ ಓಣಿಯ ನಲ್ಲಿಯ ಜಗಳದ ಹಾಗೆ ಎಳೆದಾಡುತ್ತಿದ್ದೇವೆ, ಬಿದ್ದ ಫೋನಿನಲ್ಲಿ ಅಕ್ಕ ಕೆಮ್ಮುತ್ತಿದ್ದಾಳೆ. "ಹೇಳ್ತೇನಿ, ಹೇಳ್ತೇನಿ ಬಿಡು" ಎಂದ ಕೊನೆಗೆ. ಕೂದಲು ಸರಿಮಾಡಿಕೊಂಡು ಕೂತ. ನಾನು ಓಡಿ ಹೋಗಿ ಅವನನ್ನು ಮತ್ತೆ ಲೈವ್‌ಗೆ ಹಾಕಿದೆ.

ಅವನು ಕ್ಯಾಮೆರಾ ನೋಡಿ ತನ್ನ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ: "ಆ ಬೀದಿಯಲ್ಲಿರುವ ಗೆಳೆಯರೇ, ಆ ಔಷಧಿ ಅಂಗಡಿ ನಮ್ಮವರದು. ಕಷ್ಟಪಟ್ಟು ದುಡಿದು ತೆರಿಗೆ ಕಟ್ಟುವ ಬ್ರಿಟಿಷ್ ಹೆಣ್ಣುಮಗಳದು. ನೀವು ತಪ್ಪು ಅಂಗಡಿಗೆ ಬಂದಿದ್ದೀರಿ."

ಅಷ್ಟೇ. ಮನೆಗೆ ಹೋಗಿ ಎನ್ನಲಿಲ್ಲ. "ಹೋಗ್ರಿ ಅನ್ರಿ, ಮನೀಗೆ ಹೋಗ್ರಿ ಅನ್ರಿ!" ಎಂದು ಅವನ ಕಿವಿಯಲ್ಲಿ ಚೀರಿದೆ. ಅವನು ನೀರು ಕುಡಿದ.

ಇಲ್ಲಿ ಆಡಿದ ಮಾತು ಅಲ್ಲಿಗೆ ಹೋಗಿ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಆ ಹೊತ್ತು ಪರದೆಯಲ್ಲಿ ಅವರು ಶಟರಿಗೆ ಹೊಡೆಯುತ್ತಲೇ ಇದ್ದರು. ಆಮೇಲೆ ಅವರ ಫೋನುಗಳಿಂದ ಅವನ ದನಿ ಬಂತು. ಒಬ್ಬ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿ ಕೇಳಿಸಿಕೊಂಡ. "ತಪ್ಪು ಅಂಗಡಿಯಂತೆ ಕಣ್ರೋ, ರೇ ಹೇಳ್ತಾನೆ!" ಎಂದ. ನಕ್ಕರು. ಉರಿಯುತ್ತಿದ್ದ ಕಸದ ಡಬ್ಬಿಯನ್ನು ಅಕ್ಕನ ಬಾಗಿಲಿನಿಂದ ಅವರೇ ಕಾಲಿನಿಂದ ದೂಡಿದರು. ಅದು ಉರುಳುತ್ತಾ ಎರಡು ಅಂಗಡಿ ಆಚೆ ಹೋಗಿ ನಿಂತಿತು. ಎಲ್ಲರೂ ಅದರ ಹಿಂದೆ ನಡೆದರು.

ಅಕ್ಕನ ಶಟರನ್ನು ಗಡಿಬಿಡಿಯಲ್ಲಿ ಎಳೆದುಕೊಟ್ಟು ಆಜಾದ್ ತನ್ನ ಅಂಗಡಿಗೆ ಓಡಿದ್ದನಂತೆ. ಅವನದು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಪೂರ್ತಿ ಗಾಜು ಒಂದೇ ಏಟಿಗೆ ಇಳಿಯಿತು. ಅವನನ್ನು ಕಾಲು ಹಿಡಿದು ಹೊರಗೆಳೆದರು. ಕಬ್ಬಿಣದ ಸಲಾಕೆ ಒಂದು ಮೇಲೆ ಎದ್ದಿತು. ಅಲ್ಲಿ ನಾನು ಕತ್ತರಿಸಲಿಲ್ಲ, ಕತ್ತರಿಸುವುದು ತೋಚಲೇ ಇಲ್ಲ. ಅದು ಬಿದ್ದದ್ದನ್ನೂ, ಇನ್ನೊಮ್ಮೆ ಬಿದ್ದದ್ದನ್ನೂ ನೋಡಿದೆ. ಅವನು ಕೈಗಳಿಂದ ಮುಖ ಮುಚ್ಚಿಕೊಂಡು ಮಗ್ಗುಲಾದ. ಯಾರೋ ಅವನ ಕೈ ತುಳಿದರು. ಫೋನಿನಲ್ಲಿ ಅಕ್ಕ "ಅವನ್ನ ಬಿಡ್ರೋ, ಅವನ್ನ ಬಿಡ್ರೋ" ಎಂದು ಕಿಟಕಿಯಿಂದ ಕನ್ನಡದಲ್ಲೇ ಕೂಗುತ್ತಿದ್ದಳು. ಇಂಗ್ಲಿಷ್ ಅವಳಿಗೆ ಮರೆತುಹೋಗಿತ್ತು.

ಪೊಲೀಸರು ಬಂದರು. ಅಕ್ಕನ ಮೈಗೆ ಗಾಯವಿರಲಿಲ್ಲ, ಹೊಗೆ ಮಾತ್ರ ಕುಡಿದಿದ್ದಳು. ಆಜಾದನ ಒಂದು ಕಣ್ಣು ಹೋಯಿತು, ಬಲಗೈಯ ಬೆರಳುಗಳು ಮುರಿದವು.

ಮರುದಿನ ರಾಘವೇಂದ್ರ ನನ್ನ ಮೇಜಿನ ಮೇಲೆ ಹೂವಿನ ಗುಚ್ಛ ಇಟ್ಟಿದ್ದ. ಆಗಿದ್ದು ಆಗಿಹೋಯಿತು ಎಂದ. ನನ್ನ ಬೆನ್ನು ಕಪ್ಪಾಗಿತ್ತು, ಅವನ ಕೆನ್ನೆ ಮೇಕಪ್ಪಿನಡಿ ಊದಿತ್ತು. "ಅಕ್ಕನ್ನ ಉಳಿಸಿದೆ ನೋಡು. ಎಂಟು ಸಾವಿರ ಕಿಲೋಮೀಟರ್ ದೂರ ಕೂತು ಒಂದ್ ಮಾತಿನ್ಯಾಗ ಉಳಿಸಿದೆ" ಎಂದ. ಅವನಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಆಜಾದನ ಬಗ್ಗೆ ಕೇಳಿದ್ದಕ್ಕೆ "ಪಾಪ, ಅದು ಗುಂಪಿನ ಕೆಲಸ, ನಾನೇನ್ ಅಲ್ಲಿ ಹೋಗ್ರಿ ಅಂದಿದ್ನೇನು?" ಎಂದ. ಅಂದಿರಲಿಲ್ಲ. ಅದೇ ಅಲ್ಲವೇ ಅವನ ಜಾಣತನ!

ನೋಡುವವರು ಒಂದಕ್ಕೆ ಮೂರಾಗಿದ್ದರು. ಅಷ್ಟರಲ್ಲಿ ಅಲ್ಲಿಯ ಕೋರ್ಟುಗಳು ಗಲಭೆ ಮಾಡಿದವರನ್ನು ಬೇಗ ಬೇಗ ಜೈಲಿಗೆ ಕಳಿಸತೊಡಗಿದವು. ರೇ ಅವರನ್ನು ಪಾಪದವರು, ದಾರಿ ತಪ್ಪಿದ ಅಪ್ಪಂದಿರು ಎಂದ. ಶುಕ್ರವಾರ ರಾತ್ರಿ ಸ್ಯಾನ್ ಡಿಯೇಗೋಗೆ ಹೋದಾಗ ಗಂಡ ನನ್ನ ಬೆನ್ನು ನೋಡಿ, ಸೋಮವಾರದಿಂದ ನೀನು ಹೋಗಬಾರದು ಎಂದ. ಅವನ ಮಾತು ಸರಿಯೇ. ಆದರೆ ಮುಂದಿನ ವಾರ ವನಮಾಲಕ್ಕ ಶೋಗೆ ಬರುವವಳಿದ್ದಳು. ಕಾನೂನಿನಂತೆ ಬಂದ ಒಳ್ಳೆಯ ವಲಸಿಗರಿಗೂ ಈ ಸರಕಾರ ರಕ್ಷಣೆ ಕೊಡುತ್ತಿಲ್ಲ ಎಂದು ತೋರಿಸಲು ತಮ್ಮನೇ ಅವಳನ್ನು ಕರೆದಿದ್ದ. ಅವಳು ಹೂಂ ಎಂದಿದ್ದಳು. ನನಗೆ ಅವಳ ಮೇಲೂ ಸಿಟ್ಟು ಬಂದಿತ್ತು. ಹೇಗೆ ಒಪ್ಪಿದಿರಿ ಎಂದು ಕೇಳಿದ್ದಕ್ಕೆ "ಅಂವ ನನ್ನ ತಮ್ಮ, ಕರದ್ರ ಬರಬ್ಯಾಡೇನು?" ಎಂದಷ್ಟೇ ಹೇಳಿದ್ದಳು. ಅದೊಂದು ಶೋ ಮುಗಿಸಿ ಕೆಲಸ ಬಿಡುತ್ತೇನೆ ಎಂದು ಗಂಡನಿಗೆ ಹೇಳಿ ಹೊರಟೆ.

ಅವಳು ಅಂಗಡಿಯೊಳಗಿನಿಂದಲೇ ವಿಡಿಯೋದಲ್ಲಿ ಬಂದಳು. ಹಿಂದೆ ಔಷಧಿಯ ಕಪಾಟು, ಮೈಮೇಲೆ ಬಿಳಿ ಕೋಟು, ಹಣೆಗೆ ಸಣ್ಣ ಕುಂಕುಮ. ರೇ ಅವಳನ್ನು "ನನ್ನ ಅಕ್ಕ, ಈ ದೇಶಕ್ಕೆ ಮೂವತ್ತು ವರ್ಷ ಸೇವೆ ಮಾಡಿದವಳು" ಎಂದು ಪರಿಚಯಿಸಿದ. ದನಿಯಲ್ಲಿ ನಡುಕವಿತ್ತು, ಅದು ನಟನೆಯೆಂದು ನಾನು ಹೇಳಲಾರೆ. ಆ ಸಂಜೆ ಏನಾಯಿತು, ನಮ್ಮ ಪ್ರೇಕ್ಷಕರಿಗೆ ಹೇಳು ಎಂದ.

"ಹೇಳ್ತೇನೆ," ಎಂದಳು ಇಂಗ್ಲಿಷಿನಲ್ಲಿ. "ಸ್ವಲ್ಪ ಇರು." ಕ್ಯಾಮೆರಾವನ್ನು ಮೆಲ್ಲಗೆ ತಿರುಗಿಸಿದಳು. ಪಕ್ಕದ ಕುರ್ಚಿಯಲ್ಲಿ ಆಜಾದ್ ಕೂತಿದ್ದ. ಅರ್ಧ ಮುಖಕ್ಕೆ ಬಿಳಿಯ ಪಟ್ಟಿ, ಕೈಗೆ ಪ್ಲಾಸ್ಟರ್. ಅವನ ದನಿಯನ್ನು ಎಷ್ಟೋ ಸಲ ಕೇಳಿದ್ದ ನಾನು ಸರಿಯಾಗಿ ಮುಖ ನೋಡಿದ್ದು ಅದೇ ಮೊದಲು. ನಾಚಿಕೆಯ ಮುಖ, ಶೋಗೆಂದು ಶರಟಿನ ಕೊನೆಯ ಗುಂಡಿಯನ್ನೂ ಹಾಕಿಕೊಂಡಿದ್ದ.

"ನಮಸ್ಕಾರ ಸರ್," ಎಂದ. "ಹೋದ ಬೇಸಿಗೆಯಲ್ಲಿ ನೀವು ಬಂದಿದ್ದಾಗ ನಿಮ್ಮ ಗಡ್ಡ ನಾನೇ ಮಾಡಿದ್ದೆ. ನೀವು ಕುರ್ಚಿಯಲ್ಲೇ ನಿದ್ದೆ ಹೋಗಿದ್ದಿರಿ. ಕತ್ತಿ ನಿಮ್ಮ ಗಂಟಲ ಮೇಲಿತ್ತು. ಎಚ್ಚರಾಗದಿರಲೆಂದು ನಿಧಾನ ಮಾಡಿದ್ದೆ."

ರಾಘವೇಂದ್ರನ ಕೈ ಟೈಯ ಗಂಟಿಗೆ ಹೋಯಿತು.

ವನಮಾಲಕ್ಕ ಆಜಾದನ ಭುಜದ ಮೇಲೆ ಕೈಯಿಟ್ಟಳು. ಅವಳ ಇಂಗ್ಲಿಷ್ ಮೇಷ್ಟರ ಹಾಗೆ ಸ್ಪಷ್ಟವಾಗಿತ್ತು. "ನೀನು ನನ್ನದು ತಪ್ಪು ಅಂಗಡಿ ಅಂದೆ. ಅವರು ನಿನ್ನ ಮಾತು ಕೇಳಿ ನನ್ನನ್ನು ಬಿಟ್ಟು ಹೋದರು. ಸರಿಯಾದ ಅಂಗಡಿ ಯಾವುದು ಅಂತ ಈಗ ಇವನ ಮುಖ ನೋಡಿ ಹೇಳು, ರಾಘು."

ಅವನು ಪರದೆ ನೋಡಿದ. ಮೇಜು ನೋಡಿದ. ಕಿವಿಯ ಯಂತ್ರವನ್ನು ಬೆರಳಿನಿಂದ ಒತ್ತಿಕೊಂಡ. ಲೈವ್‌ನಲ್ಲಿ ಎಂದೂ ಕನ್ನಡ ಆಡದವನು, ಸಾವಿರಾರು ಜನರ ಎದುರು ಗಟ್ಟಿಯಾಗಿ ಕೂಗಿದ: "ಗಿರಿಜಾ, ಕಟ್ ಮಾಡು! ಕಟ್ ಮಾಡಽ!"

ಇವನು ಯಾವ ಭಾಷೆ ಮಾತಾಡುತ್ತಿದ್ದಾನೆ, ಇವನೂ ಅವರವನೇ ಏನು ಎಂದು ಕಮೆಂಟುಗಳು ಸುರಿಯತೊಡಗಿದವು.

"ತಂಗಿ, ಕಟ್ ಮಾಡಬ್ಯಾಡ," ಎಂದಳು ವನಮಾಲಕ್ಕ, ಅವಳೂ ಕನ್ನಡದಲ್ಲಿ. "ಅಂವ ಹೇಳಲಿ. ನಮಗೇನೂ ಅವಸರ ಇಲ್ಲ."

ನಾನು ಎರಡೂ ಕೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂತೆ. ಆಜಾದ್ ಉಳಿದ ಒಂದು ಕಣ್ಣಿನಿಂದ ಅವನನ್ನೇ ನೋಡುತ್ತಾ ಕಾಯುತ್ತಿದ್ದ.